ಬಾಲ ಸೋತ ಹೆಲಿಕಾಪ್ಟರ್

ಚುಂಚನಕಟ್ಟೆ ಜಾತ್ರೆಯಲ್ಲೋ ಬೆಟ್ಟದಪುರದ ತೇರಿನಲ್ಲೋ ಮಕ್ಕಳು ಹಟ ಹಿಡಿದು ಕೊಡಿಸಿಕೊಂಡ ಆಟಿಕೆ ಹೆಲಿಕಾಪ್ಟರ್ ಒಂದು ಬಗೆ. ಕಾಲೇಜು ಹುಡುಗರು ದುಡ್ಡು ಕೂಡಿಸಿ ಆನ್‌ಲೈನಿನಲ್ಲಿ ತರಿಸಿಕೊಂಡದ್ದು ಇನ್ನೊಂದು ಬಗೆ. ಬೆಲೆಯಲ್ಲಿ ಅಜಗಜಾಂತರ. ಆದರೆ ಎರಡೂ ಕೊನೆಗೆ ಸೇರುವುದು ಅಟ್ಟವನ್ನೇ. ಯಾಕೆಂದು ಕೇಳಿದರೆ ಉತ್ತರವೂ ಒಂದೇ: "ಮೇಲೆ ಏಳುತ್ತೆ, ಆದ್ರೆ ನಿಂತಲ್ಲೇ ಗಿರಗಿರ ಸುತ್ತುತ್ತೆ." ಇಲ್ಲವೇ, "ಮುಂದಕ್ಕೇ ಹೋಗಲ್ಲ."

ಇಂಥ ದೂರು ಬಂದಾಗ ಮೊದಲು ಅನುಮಾನಿಸಬೇಕಾದದ್ದು ಬಾಲದ ತುದಿಯಲ್ಲಿ ಕುಳಿತ, ಆರೇಳು ಮಿಲಿಮೀಟರ್ ದಪ್ಪದ ಪುಟ್ಟ ಮೋಟರನ್ನು. ಇಡೀ ಯಂತ್ರದಲ್ಲಿ ಮೊದಲು ಸವೆಯುವ ಭಾಗಗಳಲ್ಲಿ ಅದೂ ಒಂದು, ಬೆಲೆಯಲ್ಲಿ ಅಗ್ಗದ ಭಾಗಗಳಲ್ಲಿ ಒಂದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಪೇಟೆಬೀದಿಗಳಲ್ಲಿ 'ಹೆಲಿಕಾಪ್ಟರ್ ರಿಪೇರಿ' ಎಂಬ ಬೋರ್ಡು ಹುಡುಕಬೇಡಿ. ಅದು ಬೇಕಾಗಿಯೂ ಇಲ್ಲ. ಬಸ್ ನಿಲ್ದಾಣದ ಆಸುಪಾಸಿನ ಯಾವುದೇ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂದಲೆಳೆಯಂಥ ವೈರಿಗೆ ಲೆಡ್ ಹಿಡಿಸುವ ಕೈಗಳಿವೆ. ಸರಿಯಾದ ಮೋಟರ್ ತರಿಸಿಕೊಂಡು, ಕೆಟ್ಟದ್ದು ನಿಜವಾಗಿ ಮೋಟರೇ ಎಂದು ಖಾತ್ರಿ ಮಾಡಿಕೊಳ್ಳುವ ಕೆಲಸ ಮಾತ್ರ ನಮ್ಮದು. ಬಹಳ ಜನ ಎಡವುವುದು ಈ ಖಾತ್ರಿಯ ಹಂತದಲ್ಲೇ. ಹಾಗಾಗಿ ಈ ಲೇಖನದಲ್ಲಿ ಬೆಸುಗೆಗಿಂತ ಪರೀಕ್ಷೆಗೇ ಹೆಚ್ಚು ಜಾಗ.

ಬಾಲದಲ್ಲಿ ಫ್ಯಾನು ಯಾಕೆ?

ಮೇಲಿನ ರೆಕ್ಕೆ ಒಂದು ದಿಕ್ಕಿಗೆ ತಿರುಗಿದರೆ, ಅದನ್ನು ತಿರುಗಿಸುತ್ತಿರುವ ಒಡಲು ಎದುರು ದಿಕ್ಕಿಗೆ ತಿರುಗಲು ನೋಡುತ್ತದೆ. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ನ್ಯೂಟನ್ನನ ಮೂರನೇ ನಿಯಮ ಇಲ್ಲಿ ಕಣ್ಣಿಗೇ ಕಾಣುತ್ತದೆ. ಒಡಲನ್ನು ತಡೆದು ನೆಟ್ಟಗೆ ಹಿಡಿಯಲೆಂದೇ ಬಾಲದ ತುದಿಯಲ್ಲಿ ಪಕ್ಕಕ್ಕೆ ಗಾಳಿ ತಳ್ಳುವ ಫ್ಯಾನು. ಇಗೋರ್ ಸಿಕೋರ್ಸ್ಕಿ 1939ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ನೆಲದಿಂದ ಎಬ್ಬಿಸಿದ ವಿಎಸ್-300 ಯಂತ್ರದ ನಂತರ ಈ ಏರ್ಪಾಡು ಜಗತ್ತಿನಾದ್ಯಂತ ರೂಢಿಯಾಯಿತು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ರೂಪುಗೊಂಡು 1992ರ ಆಗಸ್ಟ್‌ನಲ್ಲಿ ಮೊದಲು ಹಾರಿದ ಧ್ರುವ್‌ಗೂ ಬಾಲದಲ್ಲಿ ಇದೇ ವ್ಯವಸ್ಥೆ. ಅದೇ ಎಚ್‌ಎಎಲ್ ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನಲ್ಲಿ ಕಟ್ಟಿ, 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಕಾರ್ಖಾನೆ ಯಾವ ಹಗುರ ಹೆಲಿಕಾಪ್ಟರಿಗಾಗಿ ಎದ್ದಿತೋ, ಅದಕ್ಕೂ ಅಷ್ಟೇ.

ವ್ಯತ್ಯಾಸ ಒಂದಿದೆ. ದೊಡ್ಡ ಹೆಲಿಕಾಪ್ಟರಿನಲ್ಲಿ ಬಾಲದ ಫ್ಯಾನಿಗೆ ಪ್ರತ್ಯೇಕ ಎಂಜಿನ್ ಇರುವುದಿಲ್ಲ. ಮುಖ್ಯ ಗೇರ್‌ಬಾಕ್ಸಿನಿಂದ ಬಾಲದುದ್ದಕ್ಕೂ ಒಂದು ಶಾಫ್ಟ್ ಹೋಗಿ ಅದನ್ನು ತಿರುಗಿಸುತ್ತದೆ. ನಲವತ್ತು–ಐವತ್ತು ಗ್ರಾಂ ತೂಗುವ ಆಟಿಕೆಯಲ್ಲಿ ಅಷ್ಟುದ್ದದ ಶಾಫ್ಟು, ಎರಡು ಜೊತೆ ಗೇರು ಕೂರಿಸಿದರೆ ತೂಕವೇ ಏಳಗೊಡದು. ಅದಕ್ಕೇ ಬಾಲಕ್ಕೊಂದು ಸ್ವತಂತ್ರ ಮೋಟರ್, ಅದಕ್ಕೆ ಬೋರ್ಡಿನಿಂದ ಎರಡೆಳೆ ವೈರು. ಎರಡು ಮೂರು ಅಡಿ ಅಗಲದ ರೆಕ್ಕೆಯ ದೊಡ್ಡ ಮಾದರಿಗಳಲ್ಲಿ ಸಾಮಾನ್ಯವಾಗಿ ಬೆಲ್ಟೋ ಶಾಫ್ಟೋ ಇರುತ್ತದೆ. ಅಂಥವನ್ನು ಹಾರಿಸುವವರಿಗೆ ಈ ಲೇಖನ ಅಷ್ಟಾಗಿ ಉಪಯೋಗಕ್ಕೆ ಬಾರದು.

ಇನ್ನು ನಿಮ್ಮ ಕೈಯಲ್ಲಿರುವುದು ಯಾವ ಜಾತಿ ಎಂದು ನೋಡಿಕೊಳ್ಳಿ. ಒಂದರ ಮೇಲೊಂದು ಎರಡು ರೆಕ್ಕೆಗಳು ಎದುರುಬದುರು ತಿರುಗುತ್ತಿದ್ದರೆ ಅದು ಕೋಆಕ್ಸಿಯಲ್. ಸೈಮಾ ಎಸ್107 ಮತ್ತು ಅದನ್ನು ನೋಡಿ ಮಾಡಿದ ಲೆಕ್ಕವಿಲ್ಲದಷ್ಟು ಆಟಿಕೆಗಳು ಈ ಜಾತಿಯವು. ನಮ್ಮ ನೌಕಾಪಡೆಯ ಕಾಮೊವ್-31 ಕೂಡ ಇದೇ ತತ್ವದ್ದು. ಎರಡು ರೆಕ್ಕೆಗಳ ತಿರುಚು ಒಂದನ್ನೊಂದು ಹೊಡೆದುಹಾಕುವುದರಿಂದ ಒಡಲು ಸುತ್ತದಂತೆ ತಡೆಯಲು ಬಾಲದ ಫ್ಯಾನು ಬೇಕಿಲ್ಲ. ಆಟಿಕೆಯ ಬಾಲದಲ್ಲಿ ಫ್ಯಾನಿದ್ದರೂ ಅದು ಆಕಾಶಕ್ಕೆ ಮುಖಮಾಡಿ ಮಲಗಿರುತ್ತದೆ. ಬಾಲವನ್ನು ಎತ್ತಿ ಇಳಿಸಿ ಮುಂದೆ ಹಿಂದೆ ಹೋಗುವಂತೆ ಮಾಡುವುದಷ್ಟೇ ಅದರ ಕೆಲಸ. ಈ ಜಾತಿಯದು ಗಿರಗಿರ ಸುತ್ತುತ್ತಿದ್ದರೆ ಬಾಲದ ಮೋಟರಿಗೆ ಕೈ ಹಚ್ಚಲೇಬೇಡಿ. ಒಳಗಿನ ಎರಡು ಮುಖ್ಯ ಮೋಟರುಗಳಲ್ಲಿ ಒಂದು ಸೋತಿದೆ, ಇಲ್ಲವೇ ಒಡಲಿನ ತಿರುವನ್ನು ಗ್ರಹಿಸುವ ಗೈರೋ ಹಾಳಾಗಿದೆ. ಮುಂದೆ–ಹಿಂದೆ ಚಲಿಸದಿದ್ದರೆ ಮಾತ್ರ ಬಾಲದ ಮೋಟರಿನ ತಪಾಸಣೆ.

ಒಂದೇ ಮುಖ್ಯ ರೆಕ್ಕೆಯಿದ್ದು, ಬಾಲದ ಫ್ಯಾನು ಪಕ್ಕಕ್ಕೆ ಮುಖಮಾಡಿ ನಿಂತಿದ್ದರೆ ಅದು ಸಿಂಗಲ್ ರೋಟರ್. ಡಬ್ಲ್ಯುಎಲ್‌ಟಾಯ್ಸ್ ವಿ911, ಎಕ್ಸ್‌ಕೆ ಕೆ110 ಇಂಥವು. ಇಲ್ಲಿ ಬಾಲದ ಮೋಟರ್ ಹಾರಾಟದ ಪ್ರತಿ ಕ್ಷಣವೂ ದುಡಿಯುತ್ತದೆ. ಇದರ ಸವಕಳಿಯ ಕಥೆಯೇ ಇಂದಿನ ವಿಷಯ.

ಮೋಟರಿನ ಒಳಗೆ ಏನಾಗುತ್ತದೆ?

ಅಡುಗೆಮನೆಯ ಮಿಕ್ಸಿ ಕಿಡಿ ಹಾರಿಸತೊಡಗಿದರೆ ಕಾರ್ಬನ್ ಬ್ರಷ್ ಸವೆದಿದೆ ಎಂದು ನಮಗೆ ಗೊತ್ತು. ಅಂಗಡಿಗೆ ಹೋಗಿ ಒಂದು ಜೊತೆ ತಂದು ಹಾಕಿಸಿದರೆ ಮಿಕ್ಸಿ ಮತ್ತೆ ಓಡುತ್ತದೆ. ಬಾಲದ ಮೋಟರಿನಲ್ಲೂ ಬ್ರಷ್ಷೇ ಸವೆಯುವುದು, ಆದರೆ ಅದನ್ನು ಬದಲಿಸಲು ಬಾರದು. ಇದು ಕೋರ್‌ಲೆಸ್ ಮೋಟರ್. ಕಬ್ಬಿಣದ ತಿರುಳಿಲ್ಲದೆ, ತಾಮ್ರದ ತಂತಿಯನ್ನೇ ಬುಟ್ಟಿಯ ಆಕಾರಕ್ಕೆ ಸುತ್ತಿ ಅಂಟಿನಿಂದ ಗಟ್ಟಿಮಾಡಿರುತ್ತಾರೆ. ಆ ಬುಟ್ಟಿಯ ಹೊಟ್ಟೆಯೊಳಗೆ ಅಯಸ್ಕಾಂತ ಕದಲದೆ ಕೂತಿರುತ್ತದೆ. ಹಿಂಬದಿಯ ಪ್ಲಾಸ್ಟಿಕ್ ಮುಚ್ಚಳದಲ್ಲಿ ಎಳೆಯಂಥ ಲೋಹದ ಬ್ರಷ್ಷುಗಳು. ಹಗುರವಾಗಿರುವುದರಿಂದ ಚಕ್ಕನೆ ವೇಗ ಹೆಚ್ಚಿಸಿ ತಗ್ಗಿಸಬಲ್ಲದು. ಬಾಲಕ್ಕೆ ಬೇಕಾದ ಗುಣ ಅದೇ. ಆದರೆ ಆಯಸ್ಸು ಕೆಲವೇ ಗಂಟೆಗಳ ಹಾರಾಟ. ಬಿಸಿ ಮಿತಿಮೀರಿದರೆ ಬುಟ್ಟಿಯ ಅಂಟು ಮೆತ್ತಗಾಗಿ ಸುರುಳಿ ಉಬ್ಬುತ್ತದೆ, ಉಬ್ಬಿದ್ದು ಗೋಡೆಗೆ ಉಜ್ಜುತ್ತದೆ. ಹತ್ತು ಎಚ್‌ಪಿ ಪಂಪ್‌ಸೆಟ್ಟನ್ನು ಬೆಳಗಾಗುವುದರೊಳಗೆ ವೈಂಡಿಂಗ್ ಮಾಡಿ ಕೊಡುವ ನಮ್ಮ ಮೆಕ್ಯಾನಿಕ್ಕುಗಳೂ ಇದರ ಮುಂದೆ ಕೈಚೆಲ್ಲಬೇಕು. ಇದನ್ನು ಬಿಚ್ಚುವಂತಿಲ್ಲ, ಸುತ್ತುವಂತಿಲ್ಲ. ಬದಲಿಸುವುದೊಂದೇ ದಾರಿ.

ಬಿಚ್ಚುವ ಮುಂಚೆ ನೋಡಬೇಕಾದ್ದು

ಸವೆದ ಮೋಟರ್ ಮುನ್ಸೂಚನೆ ಕೊಡುತ್ತದೆ. ಮೇಲಿನ ರೆಕ್ಕೆ ಮೇಲಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುವ ಯಂತ್ರದಲ್ಲಿ (ಹೆಚ್ಚಿನವು ಹೀಗೇ ತಿರುಗುತ್ತವೆ) ಬಾಲ ಸೋತರೆ ಮೂತಿ ಎಡಕ್ಕೆ ಎಳೆಯುತ್ತದೆ. ಮೊದಮೊದಲು ಥ್ರಾಟಲನ್ನು ಜೋರಾಗಿ ಏರಿಸಿದಾಗ ಮಾತ್ರ ಎಡಕ್ಕೆ ಜಗ್ಗಿ ಮತ್ತೆ ಸರಿಯಾಗುತ್ತದೆ. ಆಮೇಲೆ ರಿಮೋಟಿನ ಟ್ರಿಮ್ ಗುಂಡಿ ಒತ್ತುತ್ತ ಒತ್ತುತ್ತ ಕೊನೆಯ ಗೆರೆ ಮುಟ್ಟುತ್ತೀರಿ. ಆಮೇಲೆ ಟ್ರಿಮ್ಮಿಗೂ ಬಗ್ಗುವುದಿಲ್ಲ. ವಾರಗಟ್ಟಲೆ ಹೀಗೆ ನಿಧಾನವಾಗಿ ಕೆಟ್ಟಿದ್ದರೆ ಮೋಟರ್ ಮೇಲೇ ಅನುಮಾನ. ಒಮ್ಮೆ ಬಿದ್ದ ಮೇಲೆ ಇದ್ದಕ್ಕಿದ್ದಂತೆ ಕೆಟ್ಟಿದ್ದರೆ ಮೋಟರ್ ನಿರಪರಾಧಿ ಆಗಿರಬಹುದು.

ಮೊದಲು ಬ್ಯಾಟರಿ ಕಳಚಿ. ಬಾಲದ ಫ್ಯಾನಿಗೂ ಮೋಟರಿಗೂ ನಡುವೆ ಇಣುಕಿ ನೋಡಿ. ನಮ್ಮ ಕಡೆ ಇಲ್ಲಿ ಸಿಕ್ಕುವ ವಸ್ತುಗಳ ಪಟ್ಟಿಯೇ ಬೇರೆ: ತಲೆಗೂದಲು, ಎಚ್.ಡಿ. ಕೋಟೆ ಕಡೆಯ ಹತ್ತಿಯ ಎಳೆ, ತೆಂಗಿನ ನಾರು, ಸೊಪ್ಪು ಹದಗೊಳಿಸುವ ಬ್ಯಾರನ್ ಹಚ್ಚುವ ಕಾಲದಲ್ಲಿ ಹುಣಸೂರು–ಪಿರಿಯಾಪಟ್ಟಣದ ಅಂಗಳದ ತುಂಬ ಬಿದ್ದಿರುವ ಹೊಗೆಸೊಪ್ಪು ಪೋಣಿಸುವ ದಾರದ ತುಣುಕು. ಶಾಫ್ಟಿಗೆ ಎರಡು ಸುತ್ತು ದಾರ ಬಿಗಿದರೂ ಮೋಟರ್ ಅರ್ಧ ಶಕ್ತಿ ಕಳೆದುಕೊಂಡು ಕಾದು ಕೆಂಡವಾಗುತ್ತದೆ. ಸೂಜಿಯಿಂದ ಬಿಡಿಸಿ, ಚಿಮುಟದಿಂದ ಎಳೆದು ತೆಗೆಯಿರಿ. ಎಷ್ಟೋ ಸಲ ರಿಪೇರಿ ಇಲ್ಲಿಗೇ ಮುಗಿಯುತ್ತದೆ.

ನಂತರ ಫ್ಯಾನನ್ನು ಒಂದು ಕೈಯಲ್ಲಿ ಹಿಡಿದು ಶಾಫ್ಟನ್ನು ಮೆಲ್ಲಗೆ ತಿರುಗಿಸಲು ನೋಡಿ. ಫ್ಯಾನಿನ ನಡುಗುಂಡಿ ಸೀಳಿದ್ದರೆ ಶಾಫ್ಟ್ ಒಳಗೇ ಜಾರುತ್ತದೆ. ಮೋಟರ್ ಪೂರ್ಣ ವೇಗದಲ್ಲಿ ತಿರುಗುತ್ತಿದ್ದರೂ ಫ್ಯಾನು ಮಂದವಾಗಿರುತ್ತದೆ. ಇದಕ್ಕೆ ಹೊಸ ಫ್ಯಾನು ಸಾಕು. ಫ್ಯಾನಿನ ಅಂಚು ಚಿಪ್ಪೆದ್ದಿದ್ದರೂ ಬದಲಿಸಿಬಿಡಿ. ಓರೆಯಾದ ಫ್ಯಾನಿನ ನಡುಕ ಹೊಸ ಮೋಟರಿನ ಬುಷ್ಷನ್ನೂ ತಿನ್ನುತ್ತದೆ.

ಮೂರನೆಯದು ವೈರು. ಬೋರ್ಡಿನಿಂದ ಬಾಲಕ್ಕೆ ಹೋಗುವ ಎರಡೆಳೆ ಕೆಲವದರಲ್ಲಿ ಬಾಲದ ಕೊಳವೆಯೊಳಗೆ, ಕೆಲವದರಲ್ಲಿ ಹೊರಗೆ ಹರಿದಿರುತ್ತದೆ. ಬಿದ್ದಾಗ ಅದು ತುಂಡಾಗುವುದು ಎರಡು ತುದಿಯ ಬೆಸುಗೆಯ ಪಕ್ಕದಲ್ಲಿ. ಮಲ್ಟಿಮೀಟರನ್ನು ಬೀಪ್ ಗುರುತಿಗೆ ತಿರುಗಿಸಿ, ಒಂದೊಂದೇ ವೈರಿನ ಎರಡು ತುದಿ ಮುಟ್ಟಿಸಿ ನೋಡಿ. ಮುಟ್ಟಿಸುವಾಗ ವೈರನ್ನು ಸ್ವಲ್ಪ ಅಲುಗಿಸಿ. ಬೀಪ್ ಬಂದು ಬಂದು ಹೋದರೆ ಒಳಗೆ ಎಳೆ ಕಡಿದಿದೆ.

ಇಷ್ಟೂ ಸರಿಯಿದ್ದರೆ ಮೋಟರಿನ ಪರೀಕ್ಷೆ. ಮೋಟರಿನ ಒಂದು ವೈರನ್ನಾದರೂ ಬಿಡಿಸಿಕೊಂಡು ಓಮ್ಸ್ ಗುರುತಿನಲ್ಲಿ ಮೀಟರ್ ಇಡಿ. ಕೆಲವೇ ಓಮ್ ತೋರಿಸಬೇಕು. ಆ ಒಂದು ಅಂಕಿಯಿಂದ ತೀರ್ಮಾನಕ್ಕೆ ಬರಬೇಡಿ. ಶಾಫ್ಟನ್ನು ಬೆರಳಿನಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸುತ್ತ ಒಂದು ಪೂರ್ಣ ಸುತ್ತು ಮುಗಿಸಿ. ಎಲ್ಲೋ ಒಂದು ಕಡೆ ಅಂಕಿ ಮಾಯವಾಗಿ ತೆರೆದ ಸರ್ಕ್ಯೂಟ್ ತೋರಿಸಿದರೆ ಅಲ್ಲಿ ಬ್ರಷ್ ಮುಟ್ಟುತ್ತಿಲ್ಲ ಎಂದರ್ಥ. ಮೀಟರ್ ಇಲ್ಲದವರಿಗೆ ಇನ್ನೊಂದು ಉಪಾಯ: ಗೋಡೆ ಗಡಿಯಾರಕ್ಕೆ ಹಾಕುವ 1.5 ವೋಲ್ಟಿನ ಪೆನ್ಸಿಲ್ ಸೆಲ್. ಅದರ ಎರಡು ತುದಿಗೆ ಮೋಟರಿನ ವೈರು ಮುಟ್ಟಿಸಿ ಬಿಡಿ, ಶಾಫ್ಟ್ ನಿಂತ ಸ್ಥಾನ ಬದಲಿಸಿ ಮತ್ತೆ ಮುಟ್ಟಿಸಿ. ಗಟ್ಟಿಮುಟ್ಟಾದ ಮೋಟರ್ ಯಾವ ಸ್ಥಾನದಿಂದಲೂ ತಟ್ಟನೆ ಏಳುತ್ತದೆ. ಸವೆದದ್ದು ಒಂದೆರಡು ಸ್ಥಾನದಲ್ಲಿ ಮಂಕಾಗಿ ಕುಳಿತು, ಬೆರಳಿನಿಂದ ತಳ್ಳಿದರೆ ಮಾತ್ರ ಓಡುತ್ತದೆ.

ಕೊನೆಯದಾಗಿ ಬೋರ್ಡು. ಬ್ಯಾಟರಿ ಚುಚ್ಚಿದ ಕೂಡಲೇ, ರಿಮೋಟ್ ಮುಟ್ಟುವ ಮುಂಚೆಯೇ, ಬಾಲದ ಫ್ಯಾನು ಪೂರ್ತಿ ವೇಗದಲ್ಲಿ ಓಡಿದರೆ ಬೋರ್ಡಿನ ಮೇಲೆ ಆ ಮೋಟರನ್ನು ನಡೆಸುವ ಮಾಸ್‌ಫೆಟ್ ಎಂಬ ಪುಟ್ಟ ಬಿಡಿಭಾಗ ಸುಟ್ಟು ಒಳಗೇ ಕೂಡಿಕೊಂಡಿದೆ. ಮೋಟರ್ ಸಿಕ್ಕಿಹಾಕಿಕೊಂಡಾಗ ಥ್ರಾಟಲ್ ಒತ್ತಿಹಿಡಿದರೆ ಹೀಗಾಗುತ್ತದೆ. ಇದನ್ನು ಸರಿಪಡಿಸದೆ ಹೊಸ ಮೋಟರ್ ಹಾಕಿದರೆ ಅದನ್ನೂ ಕಳೆದುಕೊಳ್ಳುತ್ತೀರಿ. ಮೊಬೈಲ್ ಬೋರ್ಡಿನ ಚಿಪ್ ಕೂರಿಸುವವರಿಗೆ ಇದನ್ನು ಬದಲಿಸುವುದು ದೊಡ್ಡ ಕೆಲಸವಲ್ಲ. ಆದರೆ ಅದೇ ನಂಬರಿನ ಬಿಡಿಭಾಗ ಸಿಗಬೇಕು. ಸಿಗದಿದ್ದರೆ ಬೋರ್ಡೇ ಬದಲಿಸಬೇಕು, ಆಗ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಅಳತೆ ತಪ್ಪಿದರೆ ದುಡ್ಡು ದಂಡ

ಮೊದಲ ಸಲ ಕೈ ಹಚ್ಚುವವರಿಗೆ ನನ್ನ ಸಲಹೆ: ನಿಮ್ಮ ಮಾದರಿಗೆ ಬಾಲದ ಕೊಳವೆ, ಮೋಟರ್, ವೈರು, ಫ್ಯಾನು ಎಲ್ಲ ಸೇರಿದ ಪೂರ್ತಿ 'ಟೈಲ್ ಸೆಟ್' ಸಿಗುವುದಾದರೆ ಅದನ್ನೇ ಕೊಳ್ಳಿ. ಬರೀ ಮೋಟರಿಗಿಂತ ದುಬಾರಿ, ನಿಜ. ಆದರೆ ಬಾಲದ ತುದಿಯ ನಾಜೂಕು ಕೆಲಸವೆಲ್ಲ ಕಾರ್ಖಾನೆಯಲ್ಲೇ ಆಗಿರುತ್ತದೆ, ನಿಮಗೆ ಉಳಿಯುವುದು ಬೋರ್ಡಿನ ಬಳಿಯ ಎರಡು ಬೆಸುಗೆ. ಕೆಲವು ಮಾದರಿಗಳಲ್ಲಿ ಅಲ್ಲೂ ಪ್ಲಗ್ ಇದ್ದು ಬೆಸುಗೆಯೇ ಬೇಡ.

ಬರೀ ಮೋಟರ್ ಕೊಳ್ಳುವವರು ಮಾದರಿಯ ಹೆಸರನ್ನಷ್ಟೇ ನಂಬಬಾರದು. ಹಳೆಯದನ್ನು ಅಳೆಯಬೇಕು. ವರ್ನಿಯರ್ ಕ್ಯಾಲಿಪರ್ ನಿಮ್ಮಲ್ಲಿ ಇಲ್ಲದಿದ್ದರೆ ಹತ್ತಿರದ ಲೇತ್ ಅಂಗಡಿಯಲ್ಲಿ ಇರುತ್ತದೆ. 'ಅಣ್ಣಾ, ಇದೊಂದು ಅಳತೆ ನೋಡ್ಕೊಡಿ' ಅಂದರೆ ಯಾರೂ ಇಲ್ಲವೆನ್ನುವುದಿಲ್ಲ. ಒಡಲಿನ ದಪ್ಪ, ಉದ್ದ, ಶಾಫ್ಟಿನ ದಪ್ಪ, ಶಾಫ್ಟ್ ಹೊರಗೆ ಚಾಚಿದ ಉದ್ದ, ಈ ನಾಲ್ಕನ್ನೂ ಬರೆದುಕೊಳ್ಳಿ. ಮಾರುವವರು '612', '615', '716' ಎಂದು ಬರೆದಿದ್ದರೆ ಮೊದಲ ಅಂಕಿ ದಪ್ಪ, ಉಳಿದೆರಡು ಉದ್ದ, ಎಲ್ಲ ಮಿಲಿಮೀಟರಿನಲ್ಲಿ. '8520' ಎಂದರೆ 8.5 ದಪ್ಪ, 20 ಉದ್ದ. ಶಾಫ್ಟು 0.8 ಅಥವಾ 1 ಮಿಲಿಮೀಟರ್ ಇರುವುದು ಹೆಚ್ಚು. ಈ ಸಣ್ಣ ವ್ಯತ್ಯಾಸವೇ ಕಾಡುವುದು: 0.8ರ ಫ್ಯಾನನ್ನು 1ರ ಶಾಫ್ಟಿಗೆ ಒತ್ತಿದರೆ ಸೀಳುತ್ತದೆ, 1ರ ಫ್ಯಾನು 0.8ಕ್ಕೆ ಜಾರುತ್ತದೆ. ವೋಲ್ಟೇಜೂ ಹೊಂದಬೇಕು. ಒಂದೇ ಲಿಪೋ (ಲಿಥಿಯಂ ಪಾಲಿಮರ್) ಸೆಲ್ಲಿನ ಹೆಲಿಕಾಪ್ಟರಿಗೆ 3.7 ವೋಲ್ಟಿನದು.

ಬಿಡಿಭಾಗ ಹುಡುಕಿಕೊಂಡು ಬೆಂಗಳೂರಿಗೆ ಹೋಗುವ ಕೆಲಸವಿದ್ದರೆ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಬಹುದು. ಹಳೇ ಮೋಟರನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಇಲ್ಲದಿದ್ದರೆ ಆನ್‌ಲೈನ್. ಎಲ್ಲಿಯೇ ಆಗಲಿ, ಒಂದರ ಬದಲು ಎರಡು ಕೊಳ್ಳಿ. ಮೊದಲ ಬೆಸುಗೆಯಲ್ಲಿ ಒಂದು ಬಲಿಯಾದರೂ ಕೆಲಸ ನಿಲ್ಲದು.

ಕೈಕೆಲಸ

ಬಿಳಿ ಬಟ್ಟೆ ಹಾಸಿದ ಮೇಜು, ಸ್ಕ್ರೂ ಹಾಕಲು ತಟ್ಟೆ, 25 ವ್ಯಾಟಿನ ಸೋಲ್ಡರಿಂಗ್ ಐರನ್, ಮೂತಿ ಚೂಪಾದ ಚಿಮುಟ. ಬ್ಯಾಟರಿ ದೂರವಿರಲಿ. ಲಿಪೋ ಬ್ಯಾಟರಿ ಚುಚ್ಚಿಕೊಂಡಿರುವಾಗ ಐರನ್ ತಗುಲಿ ಎರಡು ವೈರು ಕೂಡಿದರೆ ಕ್ಷಣದಲ್ಲಿ ಹೊಗೆ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೊ ತೆಗೆಯಿರಿ. ಯಾವ ಬಣ್ಣದ ವೈರು ಬೋರ್ಡಿನ ಯಾವ ಬಿಂದುವಿಗೆ, ಫ್ಯಾನಿನ ಯಾವ ಮುಖ ಹೊರಗೆ, ಇದು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಫ್ಯಾನನ್ನು ಹಿಡಿದು ಎಳೆಯಬೇಡಿ. ಎಳೆದರೆ ಶಾಫ್ಟೇ ಕಿತ್ತು ಬರಬಹುದು. ಎರಡು ಬ್ಲೇಡಿನ ಮೊಂಡು ಬೆನ್ನನ್ನು ಫ್ಯಾನಿನ ಗುಂಡಿಯಡಿ ಎರಡು ಪಕ್ಕದಿಂದ ತೂರಿಸಿ ಸಮನಾಗಿ ಮೀಟಿದರೆ ಬಿಡಿಸಿಕೊಳ್ಳುತ್ತದೆ. ಮೋಟರ್ ತನ್ನ ಪ್ಲಾಸ್ಟಿಕ್ ಗೂಡಿನಲ್ಲಿ ಅಂಟಿನಿಂದ ಕೂತಿರುತ್ತದೆ. ಕೂದಲು ಒಣಗಿಸುವ ಡ್ರೈಯರಿನ ಬಿಸಿಗಾಳಿಗೆ ಅಂಟು ಮೆತ್ತಗಾಗುತ್ತದೆ. ಮೆತ್ತಗಾಗುವುದು ಪ್ಲಾಸ್ಟಿಕ್ಕೂ ಹೌದು, ದೂರದಿಂದ ಹಿಡಿಯಿರಿ. ಹಳೇ ಮೋಟರನ್ನು ಹಿಂದಿನಿಂದ ಮುಂದಕ್ಕೆ ತಳ್ಳಬೇಕೋ ಮುಂದಿನಿಂದ ಹಿಂದಕ್ಕೋ ಎಂಬುದನ್ನು ಗೂಡಿನ ಆಕಾರವೇ ಹೇಳುತ್ತದೆ.

ವೈರಿನ ವಿಷಯಕ್ಕೆ ಬಂದರೆ, ಬಾಲದ ವೈರುಗಳಲ್ಲಿ ಕೆಲವು ವಾರ್ನಿಶ್ ಲೇಪಿಸಿದ ತಾಮ್ರದ ತಂತಿ, ವೈಂಡಿಂಗ್ ತಂತಿಯ ಜಾತಿ. ನೋಡಲು ಬರೀ ತಾಮ್ರವೇ ಅನ್ನಿಸುತ್ತದೆ, ಆದರೆ ಲೇಪ ಕೆರೆಯದೆ ಲೆಡ್ ಹಿಡಿಯದು. ಬ್ಲೇಡಿನಿಂದ ತುದಿಯ ಮೂರು ಮಿಲಿಮೀಟರ್ ಹಗುರವಾಗಿ ಕೆರೆದು ಮೊದಲೇ ಲೆಡ್ ಲೇಪಿಸಿಕೊಳ್ಳಿ. ಮೋಟರಿನ ವೈರಿಗೂ ಹಾಗೇ. ಆಮೇಲೆ ಎರಡನ್ನೂ ಜೋಡಿಸಿ ಐರನ್ ಮುಟ್ಟಿಸಿದರೆ ಒಂದೆರಡು ಸೆಕೆಂಡಿನಲ್ಲಿ ಕೂಡಿಕೊಳ್ಳುತ್ತದೆ. ಮಾಮೂಲಿ ಲೆಡ್ 190 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುತ್ತದೆ, ಒತ್ತಿ ಹಿಡಿಯುವ ಅಗತ್ಯವೇ ಇಲ್ಲ. ಹೆಚ್ಚು ಹೊತ್ತು ಹಿಡಿದರೆ ಬಿಸಿ ಮೋಟರಿನ ಹಿಂಬದಿಯ ಪ್ಲಾಸ್ಟಿಕ್ ಮುಚ್ಚಳಕ್ಕೆ ಹರಿದು ಬ್ರಷ್ ಜಾಗ ಬಿಟ್ಟು ಸರಿಯುತ್ತದೆ. ಮೋಟರ್ ಹಾಕುವ ಮುಂಚೆಯೇ ಸತ್ತಂತೆ. ಪೇಸ್ಟ್ ರಾಳದ್ದಾಗಿರಲಿ. ತಗಡಿನ ಕೆಲಸಕ್ಕೆ ಬಳಸುವ ಆಸಿಡ್ ವಾಸನೆಯದು ತಂತಿಯನ್ನು ತಿಂದುಹಾಕುತ್ತದೆ. ಎರಡು ಬೆಸುಗೆಗಳು ಒಂದರ ಪಕ್ಕ ಒಂದು ಬಾರದಂತೆ ಒಂದು ವೈರನ್ನು ಸ್ವಲ್ಪ ಗಿಡ್ಡ, ಇನ್ನೊಂದನ್ನು ಸ್ವಲ್ಪ ಉದ್ದ ಕತ್ತರಿಸಿಕೊಂಡರೆ ಕೊಳವೆಯೊಳಗೆ ಮುಟ್ಟಿಕೊಳ್ಳುವ ಭಯವಿಲ್ಲ. ಮೇಲೆ ಸಣ್ಣ ಸ್ಲೀವ್ ಹಾಕಿ.

ಅಂಗಡಿಗೆ ಕೊಟ್ಟು ಮಾಡಿಸುವವರು ಇಷ್ಟನ್ನೂ ಬಾಯಲ್ಲಿ ಹೇಳಬೇಕಿಲ್ಲ, ಆದರೆ ಒಂದು ಮಾತು ಹೇಳಿ: 'ಲೆಡ್ ಕಮ್ಮಿ ಹಾಕಿ, ತೂಕ ಆಗಬಾರದು.' ಬಾಲ ಉದ್ದದ ಸನ್ನೆಕೋಲು. ತುದಿಯಲ್ಲಿ ಒಂದು ಗ್ರಾಂ ಹೆಚ್ಚಾದರೂ ಮೂತಿ ಮೇಲೆದ್ದು ಯಂತ್ರ ಹಿಂದಕ್ಕೆ ತೇಲುತ್ತದೆ. ಕೆಲಸ ಮುಗಿದ ಮೇಲೆ ಮುಖ್ಯ ರೆಕ್ಕೆಯ ದಂಡವನ್ನು ಎರಡು ಬೆರಳಿನಲ್ಲಿ ಹಿಡಿದು ತೂಗಿ ನೋಡಿ. ಒಡಲು ಸಮವಾಗಿ, ಇಲ್ಲವೇ ಮೂತಿ ತುಸು ತಗ್ಗಿ ನಿಂತರೆ ಸರಿ. ಬಾಲ ತಗ್ಗಿದರೆ ಬ್ಯಾಟರಿಯನ್ನು ಮುಂದಕ್ಕೆ ಸರಿಸಿ.

ಇನ್ನು ಅಂಟು. ನಮ್ಮಲ್ಲಿ ಏನು ಮುರಿದರೂ ಮೊದಲು ನೆನಪಾಗುವುದು ಫೆವಿಕ್ವಿಕ್. ಮೋಟರಿನ ಹತ್ತಿರ ಅದು ಬೇಡವೇ ಬೇಡ. ಸಂದಿಗಳಲ್ಲಿ ನೀರಿನಂತೆ ಹರಿದು ಬುಷ್ಷಿಗೆ ಇಳಿದರೆ ಶಾಫ್ಟು ಕಚ್ಚಿಕೊಳ್ಳುತ್ತದೆ, ಅದರ ಆವಿಯೂ ಒಳಗೆ ಕೂರುತ್ತದೆ. ಮೋಟರ್ ಬಿಗಿಯಾಗಿ ಕೂತರೆ ಅಂಟೇ ಬೇಡ. ಸಡಿಲವಿದ್ದರೆ ರಬ್ಬರಿನಂಥ ಗೋಂದಿನ ಒಂದು ಚುಕ್ಕೆ ಒಡಲಿನ ಪಕ್ಕಕ್ಕೆ ಸಾಕು, ಹಿಂಬದಿಯ ತೂತುಗಳಿಗೆ ಮಾತ್ರ ಸೋಕಬಾರದು. ಅಂಟು ಒಣಗುವ ಮುಂಚೆ ಯಂತ್ರವನ್ನು ಹಿಂದಿನಿಂದ ಕಣ್ಣಳತೆಯಲ್ಲಿ ನೋಡಿ: ಮುಖ್ಯ ದಂಡ ನೆಟ್ಟಗಿರುವಾಗ ಬಾಲದ ಫ್ಯಾನೂ ನೆಟ್ಟಗೆ ನಿಂತಿರಬೇಕು.

ಫ್ಯಾನನ್ನು ಒತ್ತಿ ಕೂರಿಸುವಾಗ ಮೋಟರಿನ ಹಿಂಬದಿಗೆ ಗಟ್ಟಿ ಆಸರೆ ಕೊಡಿ. ಫ್ಯಾನಿಗೂ ಮೋಟರಿಗೂ ನಡುವೆ ಒಂದು ಕಾಗದ ಆಡುವಷ್ಟು ಸಂದು ಉಳಿಯಲಿ.

ಗಾಳಿ ಯಾವ ಕಡೆಗೆ?

ಬ್ಯಾಟರಿ ಚುಚ್ಚಿ, ಮೇಲಿನ ರೆಕ್ಕೆಗಳನ್ನು ಬಿಚ್ಚಿಟ್ಟು, ಥ್ರಾಟಲನ್ನು ಸ್ವಲ್ಪವೇ ಏರಿಸಿ. ಮೂತಿ ನಿಮ್ಮಿಂದ ಆಚೆಗಿರಲಿ. ರೆಕ್ಕೆ ಗಡಿಯಾರದ ದಿಕ್ಕಿಗೆ ತಿರುಗುವ ಯಂತ್ರವಾದರೆ ಬಾಲದ ಫ್ಯಾನು ಗಾಳಿಯನ್ನು ಬಲಕ್ಕೆ ತಳ್ಳಬೇಕು. ಬಲಗಡೆ ಕಾಗದದ ಚೂರು ಹಿಡಿದರೆ ಅದು ಆಚೆಗೆ ಹಾರಬೇಕು. ಕಾಗದ ಫ್ಯಾನಿನ ಕಡೆಗೆ ಎಳೆದರೆ ಮೋಟರ್ ಉಲ್ಟಾ ತಿರುಗುತ್ತಿದೆ: ಎರಡು ವೈರು ಅದಲುಬದಲು ಮಾಡಿ. ದಿಕ್ಕು ಸರಿಯಿದ್ದೂ ಗಾಳಿ ಸಪ್ಪೆಯಾಗಿದ್ದರೆ ಫ್ಯಾನು ಹಿಂದುಮುಂದಾಗಿ ಕೂತಿರಬಹುದು. ನೀವು ತೆಗೆದ ಫೋಟೊ ಈಗ ಕೆಲಸಕ್ಕೆ ಬರುತ್ತದೆ.

ಹಾರಿಸುವ ಮುಂಚೆ ಹಳೇ ಟ್ರಿಮ್ಮನ್ನು ನಡುವಿಗೆ ತನ್ನಿ. ಸೋತ ಮೋಟರಿಗೆಂದು ಒತ್ತಿದ್ದ ಟ್ರಿಮ್ ಹಾಗೇ ಉಳಿದಿದ್ದರೆ ಹೊಸ ಮೋಟರ್ ಯಂತ್ರವನ್ನು ಬಲಕ್ಕೆ ಸುತ್ತಿಸುತ್ತದೆ, ಜನ ಹೊಸದೂ ಕೆಟ್ಟದ್ದೆಂದುಕೊಳ್ಳುತ್ತಾರೆ. ಬ್ಯಾಟರಿ ಚುಚ್ಚಿದ ಮೇಲೆ ಯಂತ್ರವನ್ನು ಸಮತಟ್ಟಾದ ನೆಲದ ಮೇಲಿಟ್ಟು ಕೆಲವು ಸೆಕೆಂಡು ಅಲುಗಿಸದೆ ಬಿಡಿ, ಗೈರೋ ತನ್ನ ಸೊನ್ನೆಯನ್ನು ಕಂಡುಕೊಳ್ಳುವುದು ಆಗಲೇ. ಎರಡಡಿ ಏರಿಸಿ, ಒಂದು ನಿಮಿಷಕ್ಕೆ ಇಳಿಸಿ, ಬಾಲದ ಮೋಟರ್ ಮುಟ್ಟಿ ನೋಡಿ. ಬೆಚ್ಚಗಿರುವುದು ಸಹಜ. ಬೆರಳಿಡಲಾಗದಷ್ಟು ಸುಡುತ್ತಿದ್ದರೆ ಎಲ್ಲೋ ಉಜ್ಜುತ್ತಿದೆ, ಮತ್ತೆ ಹಾರಿಸಬೇಡಿ.

ಗಾಳಿಯಲ್ಲಿರುವಾಗಲೇ ಬಾಲ ಕೈಕೊಟ್ಟರೆ? ಥ್ರಾಟಲನ್ನು ಪೂರ್ತಿ ಇಳಿಸಿಬಿಡಿ. ಬಾಲದ ಫ್ಯಾನು ನಿಂತುಹೋದಾಗ ದೊಡ್ಡ ಹೆಲಿಕಾಪ್ಟರಿನ ಪೈಲಟ್ ಎಂಜಿನ್ ಶಕ್ತಿಯನ್ನು ರೆಕ್ಕೆಯಿಂದ ಬಿಡಿಸಿ ಇಳಿಯುವುದೂ ಇದೇ ಕಾರಣಕ್ಕೆ: ತಿರುಗಿಸುವ ಬಲ ನಿಂತರೆ ಒಡಲು ಸುತ್ತುವ ಕಾರಣವೂ ಇಲ್ಲ. ಗಾಬರಿಯಲ್ಲಿ ಥ್ರಾಟಲ್ ಏರಿಸಿದವರ ಯಂತ್ರವೇ ತೆಂಗಿನ ಮರದ ಸುಳಿ ಸೇರುವುದು.

ನಮ್ಮ ಧೂಳು, ನಮ್ಮ ಗಾಳಿ

ಕೆಮ್ಮಣ್ಣಿನ ಅಂಗಳದಲ್ಲಿ ಅಯಸ್ಕಾಂತ ಎಳೆದಾಡಿದ ಮಕ್ಕಳಿಗೆ ಗೊತ್ತು, ಅದರ ತುದಿಗೆ ಕರಿ ಪುಡಿ ಹತ್ತುತ್ತದೆ. ಮೋಟರಿನೊಳಗೆ ಇರುವುದೂ ಅಯಸ್ಕಾಂತವೇ. ಮಣ್ಣಿನ ನೆಲದಿಂದ ಎದ್ದಾಗಲೆಲ್ಲ ಆ ಪುಡಿ ಒಳಗೆ ಸೇರಿ ಸಂದಿನಲ್ಲಿ ಅರೆಯುತ್ತದೆ. ಏಳಲು ಇಳಿಯಲು ಒಂದು ಗೋಣಿತಾಟೋ ರಟ್ಟೋ ಹಾಸಿಕೊಳ್ಳಿ. ರಾಗಿ ಒಕ್ಕಣೆ ಮುಗಿದ ಮೇಲೆ ಸಗಣಿ ಸಾರಿಸಿದ ಕಣ ಗಟ್ಟಿಯಾಗಿ ಧೂಳಿಲ್ಲದೆ ಇರುತ್ತದೆ, ಆದರೆ ಹೊಟ್ಟು ಗುಡಿಸಿದ ಮೇಲೆ ಹಾರಿಸಿ.

ಎಣ್ಣೆ ಬಿಡುವುದಾದರೆ ಹೊಲಿಗೆ ಮೆಷಿನ್ನಿನದು, ಸೂಜಿಮೊನೆಯಲ್ಲಿ ನಿಲ್ಲುವಷ್ಟು, ಶಾಫ್ಟ್ ಹೊರಬರುವ ಮುಂಬದಿಯ ಬುಷ್ಷಿಗೆ ಮಾತ್ರ. ಹಿಂಬದಿಗೆ ಬಿಟ್ಟರೆ ಬ್ರಷ್ಷಿಗೆ ಕೊಳೆ ಹತ್ತಿ ಕರೆಂಟ್ ಹರಿಯದು. ಕೊಬ್ಬರಿ ಎಣ್ಣೆ ಬೇಡ, ಅದು ಚಳಿಗೆ ಹೆಪ್ಪುಗಟ್ಟುತ್ತದೆ, ಹಳತಾದರೆ ಅಂಟಾಗುತ್ತದೆ.

ಆಯಸ್ಸು ಹೆಚ್ಚಿಸುವ ದೊಡ್ಡ ಉಪಾಯಕ್ಕೆ ಖರ್ಚೇ ಇಲ್ಲ: ಒಂದು ಬ್ಯಾಟರಿ ಮುಗಿದ ಮೇಲೆ ಮೋಟರ್ ಆರುವವರೆಗೆ ಕಾಯುವುದು. ನಾಲ್ಕೈದು ಬ್ಯಾಟರಿ ಚಾರ್ಜ್ ಮಾಡಿಟ್ಟುಕೊಂಡು ಒಂದರ ಹಿಂದೊಂದು ಹಾರಿಸುವವರೇ ಬೇಗ ಮೋಟರ್ ಸುಡುವುದು. ಆಷಾಢದ ಗಾಳಿಯಲ್ಲಿ ಹಾರಿಸುವುದೂ ಅಷ್ಟೇ ಕೆಟ್ಟದ್ದು. ಪಕ್ಕದ ಗಾಳಿ ಬಾಲವನ್ನು ತಳ್ಳಿದಾಗಲೆಲ್ಲ ಗೈರೋ ಮೋಟರಿಗೆ ಪೂರ್ತಿ ಕರೆಂಟ್ ಹರಿಸುತ್ತದೆ. ಆ ದಿನಗಳಲ್ಲಿ ಪಡಸಾಲೆಯೇ ವಾಸಿ. ಬ್ಯಾಟರಿಯನ್ನು ತಿಂಗಳುಗಟ್ಟಲೆ ಎತ್ತಿಡುವುದಾದರೆ ಪೂರ್ತಿ ತುಂಬಿಸಿಯೂ ಅಲ್ಲ, ಖಾಲಿ ಮಾಡಿಯೂ ಅಲ್ಲ, 3.8 ವೋಲ್ಟಿನ ಆಸುಪಾಸಿನಲ್ಲಿಡಿ. ಊದಿಕೊಂಡದ್ದನ್ನು ಮತ್ತೆ ಚಾರ್ಜಿಗೆ ಹಾಕಬೇಡಿ.

ಹಾರಿಸುವ ಜಾಗದ ಬಗ್ಗೆ ಎರಡು ಮಾತು. 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗಿನವು ನ್ಯಾನೊ ವರ್ಗ, ಅವಕ್ಕೆ ಪೈಲಟ್ ಪ್ರಮಾಣಪತ್ರ ಬೇಡ. ಈ ಲೇಖನದಲ್ಲಿ ಹೇಳಿದ ಆಟಿಕೆಗಳೆಲ್ಲ ಅದಕ್ಕಿಂತ ಬಹಳ ಹಗುರ. ಹಾಗೆಂದು ಎಲ್ಲೆಂದರಲ್ಲಿ ಹಾರಿಸುವಂತಿಲ್ಲ. ಎಚ್.ಡಿ. ಕೋಟೆ, ಹುಣಸೂರಿನ ಕಾಡಂಚಿನವರು ನಾಗರಹೊಳೆ, ಬಂಡೀಪುರದ ಗಡಿಯಿಂದ ದೂರವಿರಿ. ಕಬಿನಿ ಅಣೆಕಟ್ಟೆಯ ಬಳಿಯೂ ಬೇಡ. ಕೆ.ಆರ್. ನಗರದ ಗದ್ದೆ ಬಯಲು ವಿಶಾಲ, ಆದರೆ ಪಂಪ್‌ಸೆಟ್ಟಿನ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಮತ್ತು ವೈರುಗಳ ಕೆಳಗೆ ಬೇಡ. ವೈರಿಗೆ ಸಿಕ್ಕಿದ ಹೆಲಿಕಾಪ್ಟರನ್ನು ಕೋಲಿನಿಂದ ಕೀಳಲು ಹೋಗಬೇಡಿ, ಲೈನ್‌ಮನ್‌ಗೆ ಹೇಳಿ ಕಳಿಸಿ.